ವೀಳ್ಯ ಸಿಗದ ಒಡ್ಡೋಲಗ

ವಿಜಯನಗರ ಸಾಮ್ರಾಜ್ಯ ನಮ್ಮ ಊಟದ ಮೇಜನ್ನು ವಶಪಡಿಸಿಕೊಂಡಿದ್ದ ಆ ಅಕ್ಟೋಬರಿನಲ್ಲಿ ನಾವು ಮನೆಮಂದಿಯೆಲ್ಲ ತಟ್ಟೆ ಕೈಯಲ್ಲಿ ಹಿಡಿದು ಸೋಫಾದ ಮೇಲೆ ಕೂತು ಉಣ್ಣುತ್ತಿದ್ದೆವು. ಮೇಜಿನ ಗೋಡೆಯ ಕಡೆಯ ತುದಿಯಲ್ಲಿ ಬೋರಲು ಹಾಕಿದ ಸ್ಟೀಲ್ ಡಬ್ಬಿ; ಅದು ಸಿಂಹಾಸನ. ಅದರ ಬಲಕ್ಕೆ ಉಪ್ಪಿನಕಾಯಿ ಬಾಟಲಿ, ಅದು ಮಹಾಪ್ರಧಾನ. ಎಡಕ್ಕೆ ಇಂಗಿನ ಡಬ್ಬಿ. ಅದು ರಾಯಸದವನು, ಅಂದರೆ ದೊರೆಯ ಬಾಯಿಂದ ಬಿದ್ದ ಮಾತನ್ನು ಅಲ್ಲೇ ಬರೆದುಕೊಳ್ಳುವವನು. ಎರಡೂ ಪಕ್ಕಕ್ಕೆ ಸಾಲಾಗಿ ನಿಂತ ಟೀ ಲೋಟಗಳು ನಾಯಕರು. ನನಗೆ ಉಪ್ಪಿನಕಾಯಿ ಬೇಕಾದರೆ ಮಹಾಪ್ರಧಾನರನ್ನು ಎತ್ತಬೇಕು. ಎತ್ತಿದರೆ ಮಾವನವರಿಗೆ ಸಿಟ್ಟು.

“ಅಲ್ಲವ್ವಾ, ಪ್ರಧಾನರನ್ನ ಹಿಂಗ ಕುತ್ತಿಗಿ ಹಿಡದು ಎತ್ತತಾರೇನು?” ಎನ್ನುತ್ತಿದ್ದರು. ಎತ್ತದಿದ್ದರೆ, ಮೊಸರನ್ನಕ್ಕೆ ನೆಂಚಿಕೊಳ್ಳಲು ಏನೂ ಇಲ್ಲವೆಂದು ಅವರೇ ಗೊಣಗುತ್ತಿದ್ದರು. ಟೀ ಮಾಡಬೇಕೆಂದರೆ ಲೋಟವಿಲ್ಲ. ನಾಯಕರೆಲ್ಲ ದರ್ಬಾರಿನಲ್ಲಿ ಕೈಕಟ್ಟಿ ನಿಂತಿದ್ದಾರೆ. ಗಾಜಿನ ಲೋಟದಲ್ಲಿ ಟೀ ಕುಡಿದು ಬೆರಳು ಸುಟ್ಟುಕೊಂಡವಳು ನಾನು.

ಆದರೂ ನಾನು ಆ ಮೇಜನ್ನು ಮುಟ್ಟಲಿಲ್ಲ. ಮಾವನವರು ಬಾಯಿ ಬಿಟ್ಟು ಬೈಯುತ್ತಿದ್ದಾರಲ್ಲ, ಅದೇ ದೊಡ್ಡದು ಎಂದು ಹಲ್ಲು ಕಚ್ಚಿಕೊಂಡಿದ್ದೆ. ಅದಕ್ಕೂ ಮುಂಚೆ ಅವರು ಮಾತೇ ಬಿಟ್ಟಿದ್ದರು.

ಅವರು ಹೊಸಪೇಟೆ ಕಡೆಯ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ನಮ್ಮತ್ತೆ ಹೋಗಿ ವರ್ಷಗಳಾಗಿದ್ದವು. ಮೊಮ್ಮಗಳ ಜೊತೆ ಒಂದಷ್ಟು ದಿನ ಇದ್ದು ಹೋಗಲು ಡಬ್ಲಿನ್ನಿಗೆ ಬಂದರು. ಅಷ್ಟರಲ್ಲಿ ಕೊರೋನಾ ಬಂದು ವಿಮಾನ ನಿಂತಿತು. ಲೆಪರ್ಡ್ಸ್‌ಟೌನಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎರಡು ಮಲಗುವ ಕೋಣೆ, ಒಂದು ಹಾಲು. ನಮ್ಮವರ ಆಫೀಸು ನಡೆದು ಹೋಗುವಷ್ಟು ಹತ್ತಿರದಲ್ಲಿದ್ದದ್ದು ಇನ್ನೂ ಹತ್ತಿರಕ್ಕೆ ಬಂದು ನಮ್ಮ ಮಂಚದ ಪಕ್ಕದಲ್ಲೇ ಕೂತಿತು. ಮಗಳ ಶಾಲೆ ಸೋಫಾದ ಮೇಲೆ ನಡೆಯುತ್ತಿತ್ತು. ಮಾವನವರಿಗೆ ಮಗಳ ಕೋಣೆ. ನನಗೆ ಅಡುಗೆಮನೆ, ಅದಕ್ಕೂ ಬಾಗಿಲಿಲ್ಲ.

ಮೊದಮೊದಲು ಮಾವನವರು ಚೆನ್ನಾಗಿಯೇ ಇದ್ದರು. ನಮ್ಮ ಹಾಲಿನ ಕಿಟಕಿಯಿಂದ ಕುದುರೆ ಪಂದ್ಯದ ಮೈದಾನದ ಒಂದು ತುಂಡು ಕಾಣುತ್ತದೆ. ಬೇಸಿಗೆಯಲ್ಲಿ ಪಂದ್ಯ ಮತ್ತೆ ಶುರುವಾದಾಗ ನೋಡುವವರಿಗೆ ಒಳಗೆ ಬಿಡುತ್ತಿರಲಿಲ್ಲ. ಕುದುರೆಗಳು ಖಾಲಿ ಮೆಟ್ಟಿಲುಗಳ ಮುಂದೆ ಓಡುತ್ತಿದ್ದವು. ಮಾವನವರು ಕಿಟಕಿಯ ಹತ್ತಿರ ನಿಂತು, ಮಹಾನವಮಿಯಲ್ಲಿ ರಾಯರ ಮುಂದೆ ಕುದುರೆಗಳನ್ನು ಸಿಂಗರಿಸಿ ಹೇಗೆ ನಡೆಸುತ್ತಿದ್ದರು, ಪಟ್ಟದ ಕುದುರೆ ಬಂದಾಗ ಯಾರು ಎಲ್ಲಿ ನಿಲ್ಲುತ್ತಿದ್ದರು ಎಂದೆಲ್ಲ ಹೇಳುತ್ತಿದ್ದರು. ನಾನು ರೇಡಿಯೇಟರಿನ ಮೇಲೆ ಕಾಲುಚೀಲ ಹರವುತ್ತ ಹೂಂ ಹೂಂ ಅನ್ನುತ್ತಿದ್ದೆ. “ಮಂದಿ ಇಲ್ಲದ ಮಹಾನವಮಿ ನೋಡವ್ವಾ ಇದು,” ಎಂದು ನಗುತ್ತಿದ್ದರು.

ಆಮೇಲೆ ಬಳ್ಳಾರಿಯಲ್ಲಿ ಅವರ ತಮ್ಮ ಅದೇ ಕಾಯಿಲೆಯಿಂದ ತೀರಿಕೊಂಡರು. ಮಣ್ಣಿಗೆ ಮನೆಯವರನ್ನೂ ಹತ್ತಿರ ಬಿಟ್ಟಿರಲಿಲ್ಲ. ದೂರದಿಂದ ಯಾರೋ ಹಿಡಿದ ವಿಡಿಯೋ ಬಂತು: ಬಿಳಿ ಗೌನು ತೊಟ್ಟವರು, ಗಾಳಿಯ ಸದ್ದು, ಅಷ್ಟೆ. ಮಾವನವರು ಅದನ್ನು ಪೂರ್ತಿ ನೋಡಿದರು. ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟರು. ಆ ದಿನದಿಂದ ಅವರ ಬಾಯಲ್ಲಿ ಉಳಿದದ್ದು ಎರಡೇ ಮಾತು, ‘ಹೂಂ’ ಮತ್ತು ‘ಸಾಕು’. ಚಪಾತಿಯಲ್ಲಿ ಅರ್ಧ ತಿಂದು ಸಾಕು. ಮೊಮ್ಮಗಳು ಏನಾದರೂ ಕೇಳಿದರೆ ಹೂಂ. ಕುದುರೆ ಓಡಿದರೂ ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಫೋನಿನಲ್ಲಿ ಸಿಕ್ಕ ಡಾಕ್ಟರು ಎಲ್ಲ ಕೇಳಿ, ಮಾತ್ರೆಗಿಂತ ಮೊದಲು ಅವರಿಗೆ ಮಾಡಲಿಕ್ಕೆ ಏನಾದರೂ ಕೊಡಿ, ಸುಮ್ಮನೆ ಕೂರಲು ಬಿಡಬೇಡಿ ಎಂದರು. ದಿನಕ್ಕೆ ದಿನ ಅವರ ಕೊರಳೆಲುಬು ಎದ್ದು ಕಾಣುತ್ತಿತ್ತು. ನಾನು ನೋಡುತ್ತಿದ್ದೆ, ನಮ್ಮವರೂ ನೋಡುತ್ತಿದ್ದರು. ಇಬ್ಬರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ.

ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುವ ತರಗತಿಯೊಂದನ್ನು ನಾನು ನಡೆಸುತ್ತಿದ್ದೆ. ಮುಂಚೆ ಅದು ಚರ್ಚಿನ ಪಕ್ಕದ ಹಾಲಿನಲ್ಲಿ ನಡೆಯುತ್ತಿತ್ತು. ಲಾಕ್‌ಡೌನ್ ಬಂದಮೇಲೆ ಜೂಮಿಗೆ ಬಂತು. ಅದರಿಂದ ಒಂದು ಲಾಭವೆಂದರೆ ಕಾರ್ಕಿನಿಂದ, ಗಾಲ್ವೇಯಿಂದಲೂ ಮಕ್ಕಳು ಸೇರಿಕೊಂಡರು. ನಷ್ಟವೆಂದರೆ ಅವರ ಜೊತೆ ಅವರ ಅಪ್ಪ ಅಮ್ಮಂದಿರೂ ಸೇರಿಕೊಂಡರು. ರಾಜ್ಯೋತ್ಸವಕ್ಕೆ ಮಕ್ಕಳಿಂದ ಏನಾದರೂ ಮಾಡಿಸಿ ಎಂದು ಇಲ್ಲಿನ ಕನ್ನಡದವರು ಕೇಳಿದಾಗ ನನಗೆ ಡಾಕ್ಟರ ಮಾತು ನೆನಪಾಯಿತು. ಮಾವನವರ ಮುಂದೆ ಉಪ್ಪಿಟ್ಟಿನ ತಟ್ಟೆ ಇಟ್ಟು, ವಿಜಯನಗರದ ದರ್ಬಾರು ಮಾಡಿಸಿದರೆ ಹೇಗೆ, ನೀವು ಹೇಳಿಕೊಡುತ್ತೀರಾ ಎಂದೆ. ಹೂಂ ಎಂದರು. ಆ ಹೂಂಗೂ ಬೇರೆ ಹೂಂಗೂ ಏನೂ ವ್ಯತ್ಯಾಸ ಕಾಣಲಿಲ್ಲ. ಮರುದಿನ ಬೆಳಗ್ಗೆ ಎದ್ದು ನೋಡಿದರೆ ನನ್ನ ಸ್ಟೀಲ್ ಡಬ್ಬಿ ಮೇಜಿನ ಮೇಲೆ ಬೋರಲಾಗಿತ್ತು. ಅದರೊಳಗಿದ್ದ ತೊಗರಿಬೇಳೆಯನ್ನು ಸಕ್ಕರೆ ಡಬ್ಬಿಗೆ, ಸಕ್ಕರೆಯ ಮೇಲೆಯೇ, ಸುರಿದಿದ್ದರು.

ಅಲ್ಲಿಂದ ನನ್ನ ಕಷ್ಟ ಶುರು.

ದರ್ಬಾರು ಅಂದರೆ ಎಲ್ಲರೂ ಬಣ್ಣದ ಬಟ್ಟೆ ಹಾಕಿಕೊಂಡು ಜಯಕಾರ ಹಾಕುವುದು ಎಂದು ನಾನು ತಿಳಿದಿದ್ದೆ. ಮಾವನವರಿಗೆ ಆ ಮಾತು ಕೇಳಿದರೇ ಆಗುತ್ತಿರಲಿಲ್ಲ. ಮೊದಲನೆಯದಾಗಿ ಅದು ದರ್ಬಾರಲ್ಲ, ಒಡ್ಡೋಲಗ. ಒಡ್ಡೋಲಗ ಎಂದು ನಾನು ಗುಂಪಿಗೆ ಬರೆದು ಹಾಕಿದ ಕೂಡಲೇ, ನಾದಸ್ವರದವರು ಜೂಮಿನಲ್ಲಿ ಹೇಗೆ ಬರುತ್ತಾರೆ ಮೇಡಂ ಎಂದು ಒಬ್ಬರು ಕೇಳಿದರು. ವಾಲಗ ಬೇರೆ, ಇದು ಸಭೆ ಎಂದು ತಿಳಿಸಿ ಹೇಳುವುದಕ್ಕೆ ನನಗೆ ಒಂದು ಮಧ್ಯಾಹ್ನ ಹಿಡಿಯಿತು. ಎರಡನೆಯದಾಗಿ, ಸಭೆಯಲ್ಲಿ ಯಾರೂ ಮಾತಾಡುವಂತಿಲ್ಲ. ನಾಯಕರು ಗೋಡೆಯುದ್ದಕ್ಕೂ ಕೈಕಟ್ಟಿ ತಲೆತಗ್ಗಿಸಿ ನಿಲ್ಲಬೇಕು; ದೊರೆ ಮಾತಾಡಿಸಿದರೆ ಮಾತ್ರ ಬಾಯಿ ತೆರೆಯಬೇಕು. ಇದನ್ನು ಹತ್ತು ವರ್ಷದ ಮಕ್ಕಳಿಗೆ ಹೇಗೆ ಹೇಳುವುದೆಂದು ನಾನು ತಲೆ ಕೆಡಿಸಿಕೊಂಡಿದ್ದಾಗ, ಸೋಫಾದಿಂದ ನನ್ನ ಮಗಳು ತಲೆಯೆತ್ತದೆ, “ಸೋ ಎವ್ರಿಬಡೀಸ್ ಆನ್ ಮ್ಯೂಟ್. ದಟ್ಸ್ ಗ್ರ್ಯಾಂಡ್,” ಎಂದಳು.

ಮಾವನವರಿಗೆ ಅದು ಬಹಳ ಹಿಡಿಸಿತು. ಅಂದಿನಿಂದ ಅವರು ಜೂಮನ್ನು ವಿಜಯನಗರದ ಮೂಲಕವೇ ಅರ್ಥ ಮಾಡಿಕೊಂಡರು. ಹೊರಗೆ ಕಾಯುವವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಬಿಡುವ ಗುಂಡಿ ಮಗಳ ಕೈಯಲ್ಲಿತ್ತು. ಆದ್ದರಿಂದ ಅವಳು ಪಡಿಯರ, ಅಂದರೆ ಅರಮನೆಯ ಬಾಗಿಲು ಕಾಯುವವಳು. ದೊರೆಗಿಂತ ಬಾಗಿಲು ಕಾಯುವವನಿಗೇ ಅಧಿಕಾರ ಜಾಸ್ತಿ, ಅವನು ಒಳಗೆ ಬಿಡದಿದ್ದರೆ ನಿನ್ನ ಬಿನ್ನಹ ಬಿಸಿಲಲ್ಲೇ ಒಣಗಬೇಕು ಎಂದು ಅವಳಿಗೆ ಹೇಳಿಕೊಟ್ಟರು. ಬಿನ್ನಹ ಎಂದರೆ ದೊರೆಯಲ್ಲಿ ವಿನಯದಿಂದ ಹೇಳಿಕೊಳ್ಳುವ ಅರಿಕೆ. ಅವಳಿಗೆ ಆ ಶಬ್ದ ನಾಲಗೆಗೆ ಬರಲೇ ಇಲ್ಲ. ಅಧಿಕಾರ ಮಾತ್ರ ಬಂತು. ತಡವಾಗಿ ಬಂದ ಮಕ್ಕಳನ್ನು ಬೇಕೆಂತಲೇ ಹೊರಗೆ ಕಾಯಿಸುತ್ತಿದ್ದಳು. ಅವರ ತಾಯಂದಿರು ನನಗೆ ಫೋನು ಮಾಡುತ್ತಿದ್ದರು.

ಫೋನಿಗೆ ಬಿಡುವೇ ಇರಲಿಲ್ಲ. ರಾಯರು ನಸುಕಿನಲ್ಲೆದ್ದು ಎಳ್ಳೆಣ್ಣೆ ಕುಡಿದು ಕುಸ್ತಿ ಮಾಡುತ್ತಿದ್ದರೆಂದು ಮಾವನವರು ಒಂದು ದಿನ ಹೇಳಿದ್ದೇ ತಪ್ಪಾಯಿತು. ತನ್ನ ಮಗ ದೋಸೆಯೆಣ್ಣೆಯ ಬಾಟಲಿಗೆ ಬಾಯಿ ಹಾಕಿದನೆಂದು ಒಬ್ಬಾಕೆ ಹೇಳಿದಳು. ಅದಕ್ಕಿಂತ ದೊಡ್ಡ ಗೋಳು ದೊರೆಯ ಪಾತ್ರದ್ದು. ಏಳೆಂಟು ಮನೆಗಳಿಂದ, ನಮ್ಮ ಮಗುವೇ ರಾಜನಾಗಲಿ ಎಂದು ನನಗೆ ಖಾಸಗಿಯಾಗಿ ಸಂದೇಶ ಬಂತು. ಪ್ರತಿಯೊಬ್ಬರದೂ, ನಾನು ಹೇಳಿದೆ ಅನ್ನಬೇಡಿ ಎಂಬ ಕೊನೆ. ಮಾವನವರು ಎಲ್ಲವನ್ನೂ ಕೇಳಿಸಿಕೊಂಡು, ದೊರೆಗೆ ಒಂದೇ ಒಂದು ಮಾತೂ ಇಲ್ಲ, ಅವನು ತಲೆಯಾಡಿಸಬೇಕು, ಕೊನೆಗೆ ವೀಳ್ಯ ಕೊಡಬೇಕು ಅಷ್ಟೆ ಎಂದು ಹೇಳು ಎಂದರು. ಹೇಳಿದೆ. ಮಾರನೆಯ ದಿನಕ್ಕೆ ಸಿಂಹಾಸನ ಯಾರಿಗೂ ಬೇಡವಾಯಿತು. ಕೊನೆಗೆ ನಮ್ಮವರನ್ನೇ ದೊರೆ ಮಾಡಿದರು. ಮಲಗುವ ಕೋಣೆಯಲ್ಲಿ ದಿನವಿಡೀ ಪರದೆಯ ಮುಂದೆ ತಲೆಯಾಡಿಸುವ ಅಭ್ಯಾಸ ಅವರಿಗೆ ಹೇಗೂ ಇತ್ತು.

ವೀಳ್ಯದ ವಿಷಯಕ್ಕೆ ಮಾವನವರು ಜಗ್ಗಲಿಲ್ಲ. ಒಡ್ಡೋಲಗದಲ್ಲಿ ದೊರೆ ವೀಳ್ಯ ಕೊಟ್ಟರೆ ಅದು ಗೌರವವೂ ಹೌದು, ಇನ್ನು ಹೊರಡಿ ಎಂಬ ಅಪ್ಪಣೆಯೂ ಹೌದು. ವೀಳ್ಯ ಸಿಗದೆ ಯಾರೂ ಹೊರಡುವಂತಿಲ್ಲ, ಆದ್ದರಿಂದ ಪ್ರತಿ ಮನೆಯಲ್ಲೂ ಎಲೆ ಇರಲೇಬೇಕು ಎಂದು ಹಟ. ಐದು ಕಿಲೋಮೀಟರ್ ದಾಟಿ ಹೋಗುವಂತಿಲ್ಲದ ಕಾಲದಲ್ಲಿ ವೀಳ್ಯದೆಲೆ ಎಲ್ಲಿಂದ ತರುವುದು? ನಮ್ಮ ಕಾರ್ ಪಾರ್ಕಿನ ಗೋಡೆಗೆ ಹಬ್ಬಿದ ಐವಿ ಬಳ್ಳಿಯ ಎಲೆ ಸುಮಾರಾಗಿ ಹಾಗೇ ಕಾಣುತ್ತಿತ್ತು. ಅದನ್ನೇ ಎಲ್ಲರೂ ಕಿತ್ತುಕೊಳ್ಳಿ, ಆದರೆ ಯಾರೂ ಬಾಯಿಗಿಡಬೇಡಿ, ಒಳ್ಳೆಯದಲ್ಲ ಎಂದು ಗುಂಪಿಗೆ ಹಾಕಿದೆ. ಹಾಗಾದರೆ ಅಡಿಕೆ, ಸುಣ್ಣ ಎಂದು ಯಾರೋ ಕೇಳಿದರು. ನಾನು ಫೋನು ಮುಚ್ಚಿಟ್ಟು ಹಿಟ್ಟು ಕಲಸಿದೆ.

ಗಾಲ್ವೇಯ ಪಾರ್ಕ್‌ಮೋರಿನಲ್ಲಿ ಆಸ್ಪತ್ರೆ ಉಪಕರಣ ಮಾಡುವ ಕಂಪನಿಯ ಇಂಜಿನಿಯರ್ ಒಬ್ಬರಿದ್ದರು, ಮೈಸೂರಿನವರು. ಅವರ ಹತ್ತು ವರ್ಷದ ಮಗನಿಗೆ ಒಳ್ಳೆಯ ಕಂಠ, ಒಳ್ಳೆಯ ಹುಮ್ಮಸ್ಸು. ಅಪ್ಪನಿಗೆ ಒಂದೇ ತೊಂದರೆ: ನಮ್ಮ ಅಭ್ಯಾಸ ಭಾನುವಾರ ಸಂಜೆ, ಅದು ರಾಹುಕಾಲ. ಸಮಯ ಬದಲಾಯಿಸಿ ಎಂದು ಅಭ್ಯಾಸದ ನಡುವೆಯೇ ಮೆಲ್ಲಗೆ ಕೇಳಿದರು. ಮಾವನವರು ಪಕ್ಕಕ್ಕೆ ತಿರುಗಿ ನನ್ನೊಡನೆ, “ರಾಹುಗೂ ಇಲ್ಲಿ ವರ್ಕ್ ಪರ್ಮಿಟ್ ಸಿಕ್ಕತೇನವ್ವಾ?” ಎಂದರು. ಮೈಕು ತೆರೆದೇ ಇತ್ತು. ಮಕ್ಕಳೆಲ್ಲ ನಕ್ಕರು. ಅವರ ಮಗನೂ ನಕ್ಕ.

ನಾನು ಆ ಸಂಜೆಯೇ ಫೋನು ಮಾಡಿ ಸಮಾಧಾನ ಹೇಳಿ, ಅಭ್ಯಾಸವನ್ನು ಮುಂಚಿನ ಹೊತ್ತಿಗೆ ತಂದೆ. ಅಷ್ಟಕ್ಕೆ ಮುಗಿಯಲಿಲ್ಲ. ಇಲ್ಲಿ ಈಗ ಹಗಲು ಚಿಕ್ಕದು, ಇಲ್ಲಿನ ಸೂರ್ಯನ ಲೆಕ್ಕದಲ್ಲಿ ರಾಹುಕಾಲವೂ ಬೇಗನೆ ಬರುತ್ತದೆ ಎಂದು ಇನ್ನೊಬ್ಬಾಕೆ ತಕರಾರು ತೆಗೆದಳು. ಬೆಂಗಳೂರಿನ ಪಂಚಾಂಗವೋ ಡಬ್ಲಿನ್ನಿನ ಸೂರ್ಯನೋ ಎಂದು ಗುಂಪಿನಲ್ಲಿ ಚರ್ಚೆಯಾಗಿ, ಎರಡೂ ಬಿಟ್ಟು ಉಳಿದದ್ದು ಊಟದ ಹೊತ್ತು. ಅಂದಿನಿಂದ ಭಾನುವಾರ ನಮ್ಮನೆಯಲ್ಲಿ ಊಟವಿಲ್ಲ, ಒಡ್ಡೋಲಗವೇ.

ಪಾತ್ರ ಹಂಚುವ ದಿನ ಬಂತು. ಮಾವನವರಿಗೆ ಟೈಪು ಮಾಡಲು ಕಣ್ಣು ಸಾಲದು. ವಾಯ್ಸ್ ಮೆಸೇಜು ಕಳಿಸುತ್ತೇನೆಂದರು. ಪ್ರತಿ ಮಗುವಿಗೂ ಒಂದೊಂದು ಉದ್ದನೆಯ ಪಾಠ: ನಿನ್ನ ಹುದ್ದೆ ಯಾವುದು, ಎಲ್ಲಿ ನಿಲ್ಲಬೇಕು, ಯಾರಿಗೆ ಉತ್ತರ ಹೇಳಬೇಕು. ಗಾಲ್ವೇ ಹುಡುಗನಿಗೆ ಅವರು ತಮ್ಮ ಮನಸ್ಸಿನಲ್ಲಿ ಎಲ್ಲಕ್ಕಿಂತ ದೊಡ್ಡ ಹುದ್ದೆಯನ್ನೇ ಇಟ್ಟಿದ್ದರು. ಅವನಿಗೆ ಕತ್ತಿಯೆಂದರೆ ಪ್ರಾಣವೆಂದು ಅವರಿಗೆ ಗೊತ್ತಿತ್ತು. ಮೆಸೇಜಿನ ಶುರುವಿನಲ್ಲೇ, “ಮಗಾ, ನೀನು ಕಂದಾಚಾರದ ಮುಖ್ಯಸ್ಥ. ನಿನಗ ಇದು ಹೇಳಿ ಮಾಡಿಸಿದಂಗ ಐತಿ, ನಿಮ್ಮಪ್ಪಗೂ ಬಾಳ ಖುಷಿ ಆಕ್ಕೈತಿ ನೋಡು,” ಎಂದರು.

ವಿಜಯನಗರದ ಕಾಲದಲ್ಲಿ ಕಂದಾಚಾರವೆಂದರೆ ಸೈನ್ಯದ ಇಲಾಖೆ. ದಂಡು, ಕುದುರೆ, ಆನೆ, ಕೋಟೆ ಕಾವಲು ಎಲ್ಲ ಅದರಡಿ. ಇವತ್ತು ಆ ಮಾತಿಗೆ ಏನರ್ಥವೆಂದು ಯಾವ ಕನ್ನಡದವರಿಗೂ ಹೇಳಬೇಕಾಗಿಲ್ಲ. ಬೆಕ್ಕು ಅಡ್ಡ ಬಂದರೆ ನಿಲ್ಲುವಂಥ ಮೂಢನಂಬಿಕೆಗೆ ನಾವು ಬಳಸುವ ಮಾತು ಅದು. ಇದನ್ನೆಲ್ಲ ಮಾವನವರು ಮೆಸೇಜಿನಲ್ಲಿ ಬಿಡಿಸಿ ಹೇಳಿದ್ದರು, ಸುಳ್ಳಲ್ಲ. ಆದರೆ ಮೇಷ್ಟರ ರೂಢಿ, ಮೊದಲು ಕುತೂಹಲ ಹುಟ್ಟಿಸಿ ಅರ್ಥವನ್ನು ಕೊನೆಗೆ ಹೇಳುವುದು. ಗಾಲ್ವೇ ಅಪ್ಪ ಕೊನೆಯವರೆಗೆ ಕೇಳಿರಲಿಲ್ಲ.

ಅವರ ಉತ್ತರವೂ ವಾಯ್ಸ್ ಮೆಸೇಜೇ, ಎಲ್ಲರ ಗುಂಪಿಗೆ. ರಾಹುಕಾಲ ಕೇಳಿದ್ದಕ್ಕೆ ಮಕ್ಕಳ ಮುಂದೆ ನಗಾಡಿದಿರಿ, ಸುಮ್ಮನಿದ್ದೆ. ಈಗ ನನ್ನ ಮಗನನ್ನು ಕಂದಾಚಾರದ ಮುಖ್ಯಸ್ಥ ಎಂದು ಕರೆದು, ನಿಮ್ಮಪ್ಪನಿಗೂ ಖುಷಿಯಾಗುತ್ತದೆ ಎನ್ನುತ್ತೀರಿ. ವಯಸ್ಸಾದವರು ಅಂತ ಗೌರವ ಇಟ್ಟಿದ್ದೆ. ಇಷ್ಟು ಹೇಳಿ ಗುಂಪು ಬಿಟ್ಟರು. ಅವರ ಹಿಂದೆ ಇನ್ನೆರಡು ಮನೆಯವರೂ ಬಿಟ್ಟರು. ಅವರಿಗೂ ಇದಕ್ಕೂ ಏನು ಸಂಬಂಧವೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಆ ಮೆಸೇಜು ಅಡುಗೆಮನೆಯಲ್ಲಿ ಜೋರಾಗಿ ಕೇಳಿಸಿತು. ನಾನು ಕುಕ್ಕರಿನ ಪಕ್ಕ ನಿಂತಿದ್ದೆ; ಮಾವನವರು ಮೇಜಿನ ಹತ್ತಿರ ನಾಯಕರನ್ನು ಸರಿಯಾಗಿ ನಿಲ್ಲಿಸುತ್ತಿದ್ದರು. ಕೈ ನಿಂತಿತು. ಆಮೇಲೆ ಮಹಾಪ್ರಧಾನರನ್ನು ತಾವೇ ಕುತ್ತಿಗೆ ಹಿಡಿದು ಎತ್ತಿ ಫ್ರಿಜ್ಜಿನೊಳಗಿಟ್ಟರು. ಲೋಟಗಳನ್ನು ಸಿಂಕಿಗೆ ತಂದರು. ಡಬ್ಬಿಯನ್ನು ಅಂಗಾತ ಮಾಡಿ ನನ್ನ ಕೈಗೆ ಕೊಟ್ಟರು.

“ಸಾಕವ್ವಾ,” ಎಂದರು.

ಅಂದು ರಾತ್ರಿ ನಾವು ಮೇಜಿನ ಸುತ್ತ ಕೂತು ಉಂಡೆವು. ಇಷ್ಟು ದಿನ ಆ ಮೇಜಿಗಾಗಿ ಒಳಗೊಳಗೇ ಕುದ್ದವಳಿಗೆ ಅನ್ನ ಇಳಿಯಲಿಲ್ಲ. ಮಾವನವರು ಅರ್ಧ ಚಪಾತಿಗೆ ತಟ್ಟೆ ಸರಿಸಿದರು. ಮಗಳು ಬೇಕೆಂತಲೇ ಏನೇನೋ ಕೇಳಿದಳು. ಹೂಂ, ಹೂಂ. ಮರುದಿನವೂ ಅಷ್ಟೆ.

ನನಗೆ ಬಂದ ಸಿಟ್ಟು ಯಾರ ಮೇಲೆಂದು ಗೊತ್ತಾಗದೆ ಎಲ್ಲರ ಮೇಲೂ ಬಂತು. ಗಾಲ್ವೇಗೆ ಫೋನು ಮಾಡಿದೆ. ಕಂದಾಚಾರವೆಂದರೆ ಹೀಗೆ, ಅವರು ದೊಡ್ಡ ಹುದ್ದೆಯನ್ನೇ ಕೊಟ್ಟಿದ್ದಾರೆ, ಮೆಸೇಜು ಕೊನೆಯವರೆಗೆ ಕೇಳಿ ಎಂದೆ.

“ಅಷ್ಟುದ್ದ ವಾಯ್ಸ್ ಮೆಸೇಜು ಯಾರ್ ಮೇಡಂ ಕೇಳ್ತಾರೆ?” ಎಂದರು. ಅದರಲ್ಲಿ ಅವರ ತಪ್ಪೂ ಇರಲಿಲ್ಲ. ನಾನೇ ಉಳಿದ ಯಾವುದನ್ನೂ ಪೂರ್ತಿ ಕೇಳಿರಲಿಲ್ಲ. ಸೇನಾಪತಿ ಅಂತ ಬದಲಾಯಿಸಿದರೆ ಮಗನನ್ನು ಕಳಿಸುತ್ತೇನೆ ಎಂದರು. ಕೋಣೆಯ ಬಾಗಿಲು ತಟ್ಟಿ ಮಾವನವರನ್ನು ಕೇಳಿದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವರು ಇಲ್ಲವೆಂದು ತಲೆಯಾಡಿಸಿದರು. ಮತ್ತೆ ಗಾಲ್ವೇಗೆ ಹೇಳಿದೆ. ಅವರು, ಹಾಗಾದ್ರೆ ಬಿಡಿ ಮೇಡಂ ಎಂದರು. ಹಳೆಯ ಕಾಲದಲ್ಲಿ ಎರಡು ರಾಜ್ಯಗಳ ನಡುವೆ ಓಡಾಡುವ ರಾಯಭಾರಿಗೆ ಕುದುರೆಯಾದರೂ ಕೊಡುತ್ತಿದ್ದರು. ನನಗಿದ್ದದ್ದು ಚಾರ್ಜು ಮುಗಿಯುತ್ತಿದ್ದ ಫೋನು. ನಮ್ಮವರಿಗೆ ಹೇಳೋಣವೆಂದರೆ ಅವರು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಯಾರಿಗೋ ತಲೆಯಾಡಿಸುತ್ತಿದ್ದರು.

ಆ ಹೊತ್ತಿಗೆ ಕಾರ್ಕಿನಿಂದ ಫೋನು ಬಂತು. ಹಾಲಿಹಿಲ್ಲಿನ ದೊಡ್ಡ ಕಂಪನಿಯಲ್ಲಿ ಕೆಲಸಕ್ಕಿದ್ದ ಹೆಂಗಸು, ವಿಜಯಪುರದ ಮುಸ್ಲಿಮರ ಮನೆಯವಳು. ಅವಳ ಒಂಬತ್ತು ವರ್ಷದ ಮಗಳಿಗೆ ಅಡಪದ ಕೆಲಸ, ದೊರೆಯ ವೀಳ್ಯದ ಚೀಲ ಹಿಡಿಯುವುದು. ನಾನು ನಡೆದದ್ದನ್ನೆಲ್ಲ ಹೇಳಿ, ಒಡ್ಡೋಲಗ ನಡೆಯುವುದಿಲ್ಲವೇನೋ ಎಂದೆ. ಅವಳು ಬಹಳ ಹೊತ್ತು ನಕ್ಕಳು.

“ಅಕ್ಕಾ, ಯಾರಿಗೂ ಬ್ಯಾಡಾದ್ರ ಆ ಕಂದಾಚಾರ ನಮ್ಮ ಹುಡುಗಿಗೆ ಕೊಟ್ಟಬಿಡ್ರಿ,” ಎಂದಳು. “ನಮ್ಮ ಅತ್ತಿ ಇರೂ ಮನ್ಯಾಗ ಅದಕ್ಕೇನ್ ಕಡಿಮಿ ಐತೇನ್ರಿ? ಚೀಲ ಹಿಡಿಯೂದೂ ಮಾಡ್ತಾಳ, ದಂಡೂ ನೋಡ್ಕೋತಾಳ. ಆದ್ರ ಒಂದು ಕುದುರಿ ಬೇಕಂತ ಕುಂತಾಳ್ರಿ.”

ಅವರ ಮನೆಯಲ್ಲಿ ಕೋಲಿಗೆ ಬಟ್ಟೆಯ ಕುದುರೆತಲೆ ಕಟ್ಟಿದ ಆಟಿಕೆಯೊಂದಿತ್ತಂತೆ. ಅದನ್ನೇ ತೆಗೆದುಕೊಳ್ಳಲಿ ಎಂದೆ. ಮಾವನವರಿಗೆ ಹೇಳಲು ಹೋದೆ, ಬಾಗಿಲು ಹಾಕಿತ್ತು. ತಟ್ಟಲು ಕೈ ಬರಲಿಲ್ಲ. ಮತ್ತೆ ತಲೆಯಾಡಿಸಿಬಿಟ್ಟರೆ?

ಆ ಭಾನುವಾರ ಉಳಿದ ನಾಲ್ಕೈದು ಮಕ್ಕಳು ಜೂಮಿಗೆ ಬಂದವು. ಮಾವನವರ ಕುರ್ಚಿ ಖಾಲಿ. ತಾತ ಎಲ್ಲಿ ಎಂದು ಒಬ್ಬೊಬ್ಬರೂ ಕೇಳಿದರು, ಇಂಗ್ಲಿಷಿನಲ್ಲಿ. ಹುಷಾರಿಲ್ಲ ಎಂದೆ. ಕಾರ್ಕಿನ ಹುಡುಗಿ ಬಟ್ಟೆಯ ಕುದುರೆಯ ಮೇಲೆ ಕೂತೇ ಇದ್ದಳು. ಇಷ್ಟು ದೂರ ಬಂದಿದ್ದೇನೆ, ದೊರೆಯನ್ನು ನೋಡದೆ ಹೋಗುವುದಿಲ್ಲ ಎಂದಳು.

ನನ್ನ ಮಗಳು ಸೋಫಾದಿಂದ ಎದ್ದಳು. ಅವಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಮನೆಯಲ್ಲಿ ಅವಳ ಬಾಯಿಂದ ಒಂದು ಪೂರ್ತಿ ಕನ್ನಡ ವಾಕ್ಯ ಕೇಳಿ ನನಗೆ ವರ್ಷಗಳಾಗಿದ್ದವು. ಒಂದು ಕೈಯಲ್ಲಿ ಲ್ಯಾಪ್‌ಟಾಪು ಹಿಡಿದು, ಇನ್ನೊಂದು ಕೈಯಲ್ಲಿ ಮೂಲೆಯಲ್ಲಿದ್ದ ನನ್ನ ನೆಲ ಒರೆಸುವ ಕೋಲು ತೆಗೆದುಕೊಂಡು ಹೋಗಿ, ತಾತನ ಬಾಗಿಲಿನ ಮುಂದೆ ನೆಲಕ್ಕೆ ಮೂರು ಸಲ ಕುಟ್ಟಿದಳು. ಪಡಿಯರನ ಹಾಗೆ ಕುಟ್ಟಬೇಕೆಂದು ಅವರೇ ಹೇಳಿಕೊಟ್ಟಿದ್ದರು.

“ಸ್ವಾಮೀ,” ಎಂದಳು. “ಕಂದಾಚಾರದವರು ಬಾಗಿಲಲ್ಲಿ ನಿಂತಿದ್ದಾರೆ. ಅವರಿಗೆ ಒಂದು ಬೆನ್ನು ಇದೆ.”

ಬಾಗಿಲು ತೆರೆಯಲಿಲ್ಲ. ಲ್ಯಾಪ್‌ಟಾಪಿನಲ್ಲಿ ಯಾವ ಮಗುವೂ ನಗಲಿಲ್ಲ, ಯಾಕೆಂದರೆ ಯಾರಿಗೂ ಅದು ತಪ್ಪೆಂದು ತಿಳಿಯಲಿಲ್ಲ. ಮಗಳು ಮತ್ತೆ ಕುಟ್ಟಿದಳು. ಕೆಳಗಿನ ಮನೆಯವರು ಏನಂದಾರೋ ಎಂದು ನನಗೆ ಚಿಂತೆ.

“ಸ್ವಾಮೀ, ಅವರ ಬೆನ್ನು ಕೇಳಿ.”

ಮಂಚ ಕಿರ್ರೆಂದಿತು. “ಬೆನ್ನಲ್ಲ,” ಎಂದು ಒಳಗಿನಿಂದ ದನಿ ಬಂತು. “ಬಿನ್ನಹ.”

“ಬೆನ್ನಹ.”

“ಬಿ. ಬಿನ್ನಹ. ಬೆನ್ನು ಎಲ್ಲಾರಿಗೂ ಇರತೈತಿ, ಅದನ್ನ ದೊರೆಗೆ ಯಾಕ ಹೇಳತೀ?” ಬಾಗಿಲು ತೆರೆಯಿತು. ತಲೆಗೂದಲು ಕೆದರಿತ್ತು, ಸ್ವೆಟರಿನ ಗುಂಡಿ ಮೇಲುಕೆಳಗಾಗಿತ್ತು. “ಕೋಲು ಆ ಕೈಯಾಗಲ್ಲ, ಈ ಕೈಯಾಗ. ಯಾರದು ಕುದುರಿ ಮ್ಯಾಲ ಕುಂತ್ಗಂಡು ಒಡ್ಡೋಲಗದೊಳಗ ಬಂದಾರ? ಇಳೀರಿ ಮದ್ಲ.”

ಕಾರ್ಕಿನ ಹುಡುಗಿ ಇಳಿಯಲಿಲ್ಲ. ಆ ಮಗು ಯಾರು, ಎಲ್ಲಿಂದ ಎಂದು ಕೇಳಿ ತಿಳಿದುಕೊಂಡ ಮೇಲೆ ಮಾವನವರ ಮುಖ ಸಡಿಲಿತು. ವಿಜಯನಗರದ ಕುದುರೆ ದಂಡಿನಲ್ಲಿ ನಿಮ್ಮವರು ಬಹಳ ಮಂದಿ ಇದ್ದರು, ಅವರು ತಲೆಬಾಗುವಾಗ ಮನಸ್ಸಿಗೆ ಕಸಿವಿಸಿಯಾಗಬಾರದೆಂದು ಒಬ್ಬ ರಾಯರು ಸಿಂಹಾಸನದ ಮುಂದೆ ಕುರಾನು ಇಡಿಸಿದ್ದರೆಂದು ಹೇಳುತ್ತಾರೆ ಎಂದು ಶುರುಮಾಡಿದರು. ಅವಳಿಗೆ ಅದಕ್ಕಿಂತ ಕುದುರೆಗೆ ಹೆಸರಿಡುವುದು ಮುಖ್ಯವಾಗಿತ್ತು. ನಾನು ಡಬ್ಬಿಯನ್ನು ಮತ್ತೆ ಮೇಜಿನ ಮೇಲೆ ಬೋರಲು ಹಾಕಿ, ಫ್ರಿಜ್ಜಿನಿಂದ ಉಪ್ಪಿನಕಾಯಿ ಬಾಟಲಿ ತೆಗೆದು ಅದರ ಬಲಕ್ಕೆ ಇಟ್ಟೆ. ಮಾವನವರು ನೋಡಿ, ಅಷ್ಟು ಹತ್ತಿರ ಅಲ್ಲ ಎಂದರು. ಸರಿಸಿದೆ.

ರಾಜ್ಯೋತ್ಸವದ ದಿನ ಎಲ್ಲರೂ ಬಂದರು. ಕಾರ್ಯಕ್ರಮ ಶುರುವಾಗುವ ಮುಂಚೆ ಮಗಳು ಪರದೆ ನೋಡುತ್ತ, “ಅಮ್ಮಾ, ದೇರ್ಸ್ ಸಮ್‌ವನ್ ಕಾಲ್ಡ್ ಕಂದಾಚಾರ ಇನ್ ದ ವೇಟಿಂಗ್ ರೂಮ್,” ಎಂದಳು. ಗಾಲ್ವೇ ಹುಡುಗ ಜೂಮಿನಲ್ಲಿ ತನ್ನ ಹೆಸರು ಅಳಿಸಿ ಅದನ್ನು ಬರೆದುಕೊಂಡಿದ್ದ. ಅವನ ಹಿಂದೆ ಅವನ ಅಪ್ಪ, ಇಸ್ತ್ರಿ ಮಾಡಿದ ಜುಬ್ಬಾದಲ್ಲಿ. “ಪೂರ್ತಿ ಕೇಳ್ದೆ ಮೇಡಂ,” ಎಂದರು ನನಗೆ. “ಕೊನೇಲಿ ಹೇಳಿದ್ದನ್ನ ಮೊದ್ಲೇ ಹೇಳ್ಬಾರ್ದಿತ್ತಾ? ಇವ್ನು ಮೂರು ದಿನದಿಂದ ಕತ್ತಿ ಹಿಡ್ಕೊಂಡೇ ಮಲಗ್ತಾನೆ.” ಹೇಗೂ ರಾಹುಕಾಲಕ್ಕೆ ಮುಂಚೆ ಶುರುವಾದರೆ ಸಾಕು, ಆಮೇಲೆ ಎಷ್ಟು ಹೊತ್ತು ನಡೆದರೂ ಅಡ್ಡಿಯಿಲ್ಲ ಎಂದೂ ಸೇರಿಸಿದರು. ಆ ಕೊನೆಯ ಮಾತನ್ನು ಅವರು ಮಾವನವರ ಮುಂದೆ ಆಡಬಾರದಿತ್ತು.

ಈಗ ಕಂದಾಚಾರಕ್ಕೆ ಇಬ್ಬರು ಮುಖ್ಯಸ್ಥರು. ಕಾರ್ಕಿನವಳು ಬಿಡುವುದಿಲ್ಲ, ಗಾಲ್ವೇ ಹುಡುಗ ಅಳುವ ಹಾಗಿದ್ದ. ಮಾವನವರು ಕ್ಷಣವೂ ಯೋಚಿಸದೆ, ಸಾಮ್ರಾಜ್ಯ ದೊಡ್ಡದು, ದಂಡೂ ದೊಡ್ಡದು, ಕುದುರೆ ಅವಳಿಗೆ, ಕಾಲಾಳು ನಿನಗೆ ಎಂದು ಹಂಚಿಬಿಟ್ಟರು. ಪೇಟ ಸುತ್ತಿದ ಮಕ್ಕಳು ಚೌಕ ಚೌಕದೊಳಗೆ ಕೈಕಟ್ಟಿ ತಲೆತಗ್ಗಿಸಿ ನಿಂತವು. ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿತು. ದೊರೆ ಮಲಗುವ ಕೋಣೆಯಿಂದಲೇ ಕಾಣಿಸಿಕೊಂಡರು, ತಲೆಗೆ ನನ್ನ ಮೈಸೂರು ರೇಷ್ಮೆಯ ಸೆರಗು. ಭಾನುವಾರವೂ ಆಫೀಸಿನ ಯಾವುದೋ ತುರ್ತು ಕರೆ ಕಿವಿಯಲ್ಲಿತ್ತು. ಅದಕ್ಕೆ ತಲೆಯಾಡಿಸಿದಾಗಲೆಲ್ಲ ನಾಯಕರ ಬಿನ್ನಹಗಳಿಗೆ ಒಪ್ಪಿಗೆ ಸಿಗುತ್ತಿತ್ತು. ಒಬ್ಬ ನಾಯಕ ಬೇಡದಿದ್ದರೂ ಮೂರು ಕೆರೆ ಪಡೆದುಕೊಂಡ.

ಕಾರ್ಯಕ್ರಮ ಮುಗಿಯುವ ಹೊತ್ತಾಯಿತು. ದೊರೆ ವೀಳ್ಯ ಕೊಡಬೇಕು, ಮಾವನವರು ಅಪ್ಪಣೆಯ ಮಾತು ಹೇಳಬೇಕು, ಎಲ್ಲರೂ ಐವಿ ಎಲೆ ಹಣೆಗೊತ್ತಿ ಹೊರಡಬೇಕು. ಕಾರ್ಕಿನ ಹುಡುಗಿ ಚೀಲದಿಂದ ಎಲೆ ತೆಗೆದು ಹಿಡಿದಳು. ಮಾವನವರು ಅಪ್ಪಣೆ ಹೇಳಲಿಲ್ಲ. ರಾಯಸದವನು ಅರಗಿನ ಮೇಲೆ ಉಂಗುರದ ಮುದ್ರೆ ಒತ್ತುವುದನ್ನು ಹೇಳಿದರು. ಅಲ್ಲಿಂದ ನಾಯಕರು ದಂಡು ಸಾಕುವ ಕರಾರಿಗೆ ಹೋದರು. ಬಾಗಿಲು ಕಾಯುವವರ ಸರದಿ ಹೇಗೆ ಬದಲಾಗುತ್ತಿತ್ತೆಂದು ಹೇಳಿದರು, ನಡುವೆ ಬಳ್ಳಾರಿಯ ತಮ್ಮ ಚಿಕ್ಕವನಿದ್ದಾಗ ಹಂಪಿಯ ಆನೆಲಾಯದಲ್ಲಿ ಕಳೆದುಹೋಗಿ ಒಂದಿಡೀ ಊರನ್ನು ಹುಡುಕಿಸಿದ್ದನ್ನೂ ಹೇಳಿದರು. ತಮ್ಮನ ವಿಷಯ ಅವರು ಬಾಯಿಬಿಟ್ಟು ಹೇಳಿದ್ದು ಆ ವಿಡಿಯೋ ಬಂದಮೇಲೆ ಅದೇ ಮೊದಲು. ಗಾಲ್ವೇ ಅಪ್ಪ ಗಡಿಯಾರ ನೋಡಿಕೊಂಡರು. ವೀಳ್ಯ ಸಿಗದೆ ಯಾರೂ ಹೊರಡುವಂತಿಲ್ಲವೆಂದು ಮಕ್ಕಳಿಗೆ ಅಷ್ಟು ಚೆನ್ನಾಗಿ ಕಲಿಸಿದ್ದರು, ಒಬ್ಬರೂ ಹೊರಡಲಿಲ್ಲ.

ನನ್ನ ಹುಳಿ ಎರಡು ಸಲ ಕುದಿದು ಗಟ್ಟಿಯಾಗಿತ್ತು. ಹೊರಗೆ ಕತ್ತಲಾಗಿತ್ತು. ಮಲಗುವ ಕೋಣೆಯಿಂದ ದೊರೆ ನನಗೆ ಸಂದೇಶ ಕಳಿಸಿದರು: ಹಸಿವು, ಅಪ್ಪನಿಗೆ ಮುಗಿಸಕ್ಕೆ ಹೇಳು.

“ಮಾವಾ,” ಎಂದೆ, ಅಡುಗೆಮನೆಯಿಂದ. “ವೀಳ್ಯ ಕೊಡಿಸ್ರಿ, ಎಲ್ರೂ ಊಟ ಮಾಡ್ಬೇಕು.”

“ತಡಿಯವ್ವಾ,” ಎಂದರು ನನ್ನ ಕಡೆ ತಿರುಗದೆಯೇ. “ಬೊಕ್ಕಸದ್ದು ಇನ್ನೂ ಹೇಳೇ ಇಲ್ಲ.”

ನಾನು ಒಲೆ ಸಣ್ಣ ಮಾಡಿದೆ. ಟೀ ಇಡೋಣವೆಂದರೆ ಲೋಟವೆಲ್ಲ ಮೇಜಿನ ಮೇಲೆ ಸಾಲಾಗಿ ನಿಂತಿದ್ದವು. ಗಾಜಿನ ಲೋಟ ತೆಗೆದುಕೊಂಡೆ.